ಕಣಜ ತುಂಬಿದೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಕೂಲಿಮಠದಲ್ಲಿ ಅಕ್ಷರ ತಿದ್ದಿಸಿದ ಚೆನ್ನವೀರಯ್ಯನವರು. ಅವರಿಗೆ ಅವರ ತಾಯಿ ಹೇಳಿದ್ದಂತೆ. ಆ ತಾಯಿಗೆ ಊರೂರು ತಿರುಗುವ ಬಳೆಗಾರ್ತಿಯೊಬ್ಬಳು. ಮರಳಿನ ಮೇಲೆ ಬೆರಳೂರಿ ತಿದ್ದುತ್ತಿದ್ದ ನಮಗೆ ಕೈ ಸೋತ ಹೊತ್ತಿನಲ್ಲಿ ಅವರು ಹಣೆಯ ವಿಭೂತಿಯನ್ನೊಮ್ಮೆ ಸವರಿಕೊಂಡು, ಶಿವನನ್ನು ನೆನೆದು, ಅವಸರವಿಲ್ಲದೆ ಹೇಳುತ್ತಿದ್ದರು. ಅವರ ಮಾತಿನ ಸೊಗಸು ನನಗೆ ಬಾರದು. ಮನಸ್ಸಿನಲ್ಲಿ ನಿಂತಷ್ಟನ್ನು ಬರೆಯುತ್ತೇನೆ.

ಹೊನ್ನಸಿರಿ ಎಂಬುದು ಗೋಪರಸ ಮಹಾರಾಜನ ರಾಜಧಾನಿ. ಸೂರ್ಯೋದಯದಲ್ಲಿ ನೋಡಬೇಕಾದ ನಗರ ಅದು. ಮೊದಲ ಕಿರಣ ಅರಮನೆಯ ಕಲಶಗಳನ್ನು ಮುಟ್ಟಿ, ಅಲ್ಲಿಂದಿಳಿದು ಸೋಮೇಶ್ವರನ ಗೋಪುರವನ್ನು ತೊಳೆದು, ಆಮೇಲೆ ಸಾಮಾನ್ಯರ ಮಾಳಿಗೆಗಳಿಗೆ ಬರುತ್ತಿತ್ತು. ಬಿಸಿಲೂ ಆ ಊರಿನಲ್ಲಿ ಅಂತಸ್ತನ್ನು ನೋಡಿಯೇ ಹಂಚಿಕೆಯಾಗುತ್ತದೆ ಎಂದು ಜನ ನಗುತ್ತಿದ್ದರು. ಪಟ್ಟದಾನೆಗಳು ಗಂಟೆ ನುಡಿಸುತ್ತ ಕೊಳಕ್ಕಿಳಿಯುವ ಹೊತ್ತಿಗೆ ಪೇಟೆಯಲ್ಲಿ ಕುಂಕುಮ, ಕಸ್ತೂರಿ, ಜಾಜಿಯ ರಾಶಿಗಳು ತೆರೆದುಕೊಳ್ಳುತ್ತಿದ್ದವು. ಅಗ್ರಹಾರದಿಂದ ವೇದಘೋಷ, ಕಮ್ಮಾರಗೇರಿಯಿಂದ ಸುತ್ತಿಗೆಯ ಸದ್ದು, ಇವೆರಡರ ನಡುವೆ ಕೋಟೆಯ ಮೂಡಣ ಬಾಗಿಲಿನ ಬಳಿಯ ಚಪ್ಪರದಿಂದ ಮಕ್ಕಳು ಮಗ್ಗಿ ಒಪ್ಪಿಸುವ ಧ್ವನಿ.

ಆ ಚಪ್ಪರದ ಹೆಸರು ಎಲ್ಲರ ಮಠ. ಕಟ್ಟಿಸಿದವನು ಪ್ರಧಾನಿ ಕೇತಮಯ್ಯ. ಆತ ಹುಟ್ಟಿದ್ದು ರಾಜ್ಯದ ಎಂಟು ಮನೆತನಗಳಲ್ಲಿ ಎಲ್ಲಕ್ಕಿಂತ ಹಿರಿಯದರಲ್ಲಿ. ದಂಡನಾಯಕರೂ ದುರ್ಗಾಧಿಪತಿಗಳೂ ಆ ಎಂಟು ಮನೆಗಳಿಂದಲೇ ಬರಬೇಕೆಂಬುದು ಹಿಂದಿನಿಂದ ಬಂದ ಕಟ್ಟಳೆ. ಆದರೆ ಕೇತಮಯ್ಯ ಬಲುಕಾಲ ಯೋಚಿಸಿ, ಬೀಜದ ಗಾತ್ರ ನೋಡಿ ಮರದ ಎತ್ತರ ಹೇಳಬಾರದು ಎಂದು ನಂಬಿದವನು. ರಾಜನನ್ನು ಒಪ್ಪಿಸಿ, ಯಾವ ಕೇರಿಯ ಮಗುವಾದರೂ ಬಂದು ಕೂರಬಹುದಾದ ಮಠವನ್ನು ತೆರೆದ. ಅಲ್ಲಿ ಓದಿದ ಸುಣ್ಣಗಾರರ ಮಗ ಕಾಟಯ್ಯನನ್ನು ಗಡಿಯ ಎಡೆಗಲ್ಲು ದುರ್ಗಕ್ಕೆ ಅಧಿಪತಿಯನ್ನಾಗಿ ಮಾಡಿಸಿದ.

“ಮಣ್ಣಿನ ಮಡಕೆಗೆ ಚಿನ್ನದ ನೀರು ಹೊಯ್ದರೂ ಒಲೆಗೇರಿದ ಮೇಲೆ ಅದು ಮಣ್ಣೇ,” ಎಂದಿದ್ದ ಆಸ್ಥಾನದ ವಾಕ್ಪತಿ ಶ್ರೀಕಂಠ ಭಟ್ಟ.

ವಾಕ್ಪತಿ ಎಂದರೇನು ಎಂದು ಹೇಳಬೇಕು. ಹೊನ್ನಸಿರಿಯ ಸಭೆಯಲ್ಲಿ ಸಾಮಾನ್ಯರ ಮಾತು ನೇರವಾಗಿ ರಾಜನ ಕಿವಿಗೆ ಬೀಳುವಂತಿರಲಿಲ್ಲ. ಅವರು ಹೇಳಿದ್ದನ್ನು ವಾಕ್ಪತಿ ಕೇಳಿ, ಸಂಸ್ಕರಿಸಿ, ಗೀರ್ವಾಣದಲ್ಲಿ, ಎಂದರೆ ಸಂಸ್ಕೃತದಲ್ಲಿ, ರಾಜನಿಗೆ ಅರುಹುತ್ತಿದ್ದ. ಹಾಲು ಸೋಸಿ ಕುಡಿಯುವ ಹಾಗೆ ಮಾತನ್ನೂ ಸೋಸಿ ಕೇಳಬೇಕೆಂಬುದು ಅಲ್ಲಿನ ಮರ್ಯಾದೆ. ಶ್ರೀಕಂಠ ಭಟ್ಟ ಎಲ್ಲಿಯವನು, ಯಾರ ಮಗ ಎಂದು ಯಾರಿಗೂ ತಿಳಿಯದು. ಕಾಶಿಯಲ್ಲಿ ಓದಿದವನೆಂದಷ್ಟೇ ಪ್ರತೀತಿ. ಆಡುವುದೆಲ್ಲ ಗೀರ್ವಾಣವೇ, ಅವನ ಬಾಯಿಂದ ಅಚ್ಚಗನ್ನಡದ ಒಂದು ಪದ ಜಾರಿದ್ದನ್ನು ಕೇಳಿದವರಿರಲಿಲ್ಲ.

ಈಗ ಆ ಕಾಟಯ್ಯ ಹೊನ್ನಸಿರಿಯ ಸೆರೆಮನೆಯಲ್ಲಿದ್ದ.

ಪಡುವಣ ಪಾಳೆಯಗಾರ ಎಡೆಗಲ್ಲನ್ನು ಮುತ್ತಿದಾಗ ಕಾಟಯ್ಯ ಒಂದು ಸುದ್ದಿಯನ್ನು ಬಾಯಿಮಾತಿನಲ್ಲಿ ಕಳುಹಿಸಿದ್ದ. ಬಳೆಗಾರ್ತಿಯನ್ನು ಯಾವ ದಂಡೂ ತಡೆಯುವುದಿಲ್ಲವಷ್ಟೆ. ಗುರುಸಿದ್ಧವ್ವ ಎಂಬಾಕೆ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಶತ್ರುವಿನ ಪಾಳೆಯವನ್ನು ದಾಟಿ ಬಂದು, ಸಭೆಯಲ್ಲಿ ನಿಂತು, “ಎಡೆಗಲ್ಲಿನ ಕಣಜ ತುಂಬಿದೆ, ಬೇಗ ಬರಬೇಕಂತೆ,” ಎಂದಿದ್ದಳು. ವಾಕ್ಪತಿ ಅದನ್ನು “ಧಾನ್ಯಾಗಾರಂ ಪರಿಪೂರ್ಣಮ್” ಎಂದಷ್ಟೇ ಅರುಹಿದ. ಪಕ್ಕದಲ್ಲೇ ಇದ್ದ ಕೇತಮಯ್ಯನೂ ಕೇಳಿ ಸಂತೋಷಪಟ್ಟ. ಕಣಜ ತುಂಬಿರುವಾಗ ಅವಸರವೇಕೆಂದು ದಂಡು ಮೊದಲು ತೆಂಕಣ ಗಡಿಗೆ ಹೊರಟಿತು. ಅತ್ತ ಕಾಟಯ್ಯ ಕಾದೂ ಕಾದೂ ಕೊನೆಗೆ ಕೋಟೆಯ ಬಾಗಿಲು ತೆರೆದು, ಜನರ ಪ್ರಾಣಕ್ಕೆ ಬದಲಾಗಿ ದುರ್ಗವನ್ನು ಒಪ್ಪಿಸಿಬಿಟ್ಟ. ತಪ್ಪಿಸಿಕೊಂಡು ಓಡಲಿಲ್ಲ, ತಾನಾಗಿ ನಡೆದು ರಾಜಧಾನಿಗೆ ಬಂದ. ತುಂಬಿದ ಕಣಜವನ್ನು ಶತ್ರುವಿಗೆ ಮಾರಿಕೊಂಡವನೆಂದು ಅವನ ಮೇಲೆ ರಾಜದ್ರೋಹದ ಆರೋಪ ಬಂತು. ಅದಕ್ಕೆ ಶೂಲವೇ ಶಿಕ್ಷೆ.

ವಿಚಾರಣೆಯ ಹಿಂದಿನ ದಿನ, ಬಿಸಿಲೇರಿದ ಮೇಲೆ, ಕೇತಮಯ್ಯ ಸೆರೆಮನೆಗೆ ಹೋದ. ಕಾಟಯ್ಯ ಎದ್ದು ನಿಂತು ಸಂಕೋಲೆಯ ಕೈಗಳನ್ನೇ ಜೋಡಿಸಿದ.

“ಬನ್ನಿ ಒಡೆಯಾ. ಕೂತುಕೊಳ್ಳಿ ಅನ್ನೋಣವೆಂದರೆ ಮಣೆ ಇಲ್ಲ. ಅರಮನೆಯವರು ನನಗೆ ಕೊಟ್ಟ ಎರಡನೆಯ ಕೋಟೆ ಇದು. ಮೊದಲನೆಯದಕ್ಕಿಂತ ಗಟ್ಟಿಯಾಗಿದೆ.”

ಕೇತಮಯ್ಯನಿಗೆ ನಗು ಬರಲಿಲ್ಲ. “ಕಾಟಯ್ಯ, ನಿನ್ನ ಮೇಲೆ ನಾನಿಟ್ಟದ್ದು ಬರಿಯ ವಿಶ್ವಾಸವಲ್ಲ, ನನ್ನ ಬಾಳಿನ ನಂಬಿಕೆಯನ್ನೇ ನಿನ್ನ ಹೆಗಲ ಮೇಲಿಟ್ಟಿದ್ದೆ. ಒಂದೇ ಮಾತು ಕೇಳುತ್ತೇನೆ. ಬಾಗಿಲು ಏಕೆ ತೆರೆದೆ?”

“ನಾನೂ ಒಂದೇ ಮಾತು ಕೇಳಬೇಕೆಂದು ನಡೆದುಕೊಂಡು ಬಂದೆ. ಹೇಳಿ ಕಳಿಸಿದ್ದೆನಲ್ಲ. ಗುರುಸಿದ್ಧವ್ವ ಬಂದು ಮುಟ್ಟಿಸಲಿಲ್ಲವೇ?”

“ಮುಟ್ಟಿಸಿದಳು.”

“ಏನೆಂದಳು?”

“ಎಡೆಗಲ್ಲಿನ ಕಣಜ ತುಂಬಿದೆ ಎಂದಳು.”

“ಮತ್ತೆ ಯಾಕೆ ಬರಲಿಲ್ಲ?”

“ತುಂಬಿದೆ ಎಂದಳಲ್ಲ. ಅದಕ್ಕೇ ಬರಲಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಹೊರಗೆ ಕಾವಲಿನವನು ಕೆಮ್ಮಿದ್ದು ಕೇಳಿಸಿತು. ಕಾಟಯ್ಯನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಏನೋ ಹೊಳೆದ ಹಾಗೆ ಒಂದು ಭಯ ಮೂಡಿತು.

“ಒಡೆಯಾ, ಹೀಗೆ ಕೇಳುತ್ತೇನೆಂದು ತಪ್ಪು ತಿಳಿಯಬೇಡಿ. ಮನೆಯಲ್ಲಿ ಅಕ್ಕಿ ತೀರಿಹೋದರೆ ನಿಮ್ಮ ಕಡೆ ಹೆಂಗಸರು ಏನನ್ನುತ್ತಾರೆ?”

ಕೇತಮಯ್ಯ ಯೋಚಿಸಿದ. “ನಮ್ಮ ಮನೆಯಲ್ಲಿ ಅಕ್ಕಿ ತೀರಿದ್ದು ನನಗೆ ನೆನಪಿಲ್ಲ,” ಎಂದ.

ಕಾಟಯ್ಯ ನೆಲದ ಮೇಲೆ ಕುಳಿತ. ಮೆಲ್ಲಗೆ ಹೇಳಿದ: “ನಮ್ಮಲ್ಲಿ ಅಕ್ಕಿ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಲಕ್ಷ್ಮಿ ಹೊಸಿಲು ದಾಟಿ ಹೋಗುತ್ತಾಳೆ. ತುಂಬಿದೆ ಅನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ. ಹೊರಟವನು ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನುವುದಿಲ್ಲವೇ, ಹಾಗೆ. ಕೋಟೆಯಲ್ಲಿ ಅಷ್ಟು ಮಕ್ಕಳಿದ್ದರು. ಕಣಜ ಬರಿದಾಗಿದೆ ಅನ್ನಲು ನನಗೆ ಬಾಯಿ ಬರಲಿಲ್ಲ. ಅದೂ ಅಲ್ಲದೆ ದಾರಿಯಲ್ಲಿ ಶತ್ರು ಹಿಡಿದು ಕೇಳಿದರೂ ಕೋಟೆಗೆ ಕೇಡಿಲ್ಲದ ಮಾತು ಅದು. ನಮ್ಮವರಿಗೆ ತಿಳಿದೇ ತಿಳಿಯುತ್ತದೆ ಅಂದುಕೊಂಡೆ.”

ನಮ್ಮವರು ಎಂಬ ಆ ಒಂದು ಮಾತು ಕೇತಮಯ್ಯನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕುಳಿತಿತು.

“ಮಕ್ಕಳು?” ಎಂದು ಕೇಳಿದ.

“ಕೆಲವರು ಉಳಿದರು,” ಎಂದ ಕಾಟಯ್ಯ.

ಕೇತಮಯ್ಯ ಹೊರಡಲು ತಿರುಗಿದಾಗ ಕಾಟಯ್ಯ ಅವನ ಉತ್ತರೀಯದ ಅಂಚನ್ನು ಹಿಡಿದ. “ನಾಳೆ ಸಭೆಯಲ್ಲಿ ನೀವು ಇದನ್ನು ಹೇಳಬೇಡಿ. ತಪ್ಪು ತಿಳಿದುಕೊಂಡೆ ಎಂದು ಪ್ರಧಾನಿ ಒಪ್ಪಿದರೆ ಅವನ ಅಧಿಕಾರದ ಮುದ್ರೆಯುಂಗುರ ಉಳಿಯುತ್ತದೆಯೇ? ಉಂಗುರ ಹೋದರೆ ಎಲ್ಲರ ಮಠದ ಚಪ್ಪರವನ್ನು ಮಾರನೆಯ ದಿನವೇ ಕಿತ್ತುಹಾಕುತ್ತಾರೆ. ನನ್ನೊಬ್ಬನ ತಲೆ ಹೋಗಲಿ. ಅಲ್ಲಿ ಮಗ್ಗಿ ಹೇಳುವ ಧ್ವನಿ ಈ ಗೋಡೆಯ ಒಳಗೂ ಕೇಳಿಸುತ್ತದೆ. ಅದು ನಿಲ್ಲಬಾರದು.”

ಕೇತಮಯ್ಯ ಹೊರಗೆ ಬಂದ. ಸತ್ಯ ನುಡಿದರೆ ಮಠ ಮುಳುಗುತ್ತದೆ. ಸುಮ್ಮನಿದ್ದರೆ ನಿರಪರಾಧಿ ಶೂಲಕ್ಕೇರುತ್ತಾನೆ. ಸೋಮೇಶ್ವರನ ಮುಂದೆ ನಿಂತು ದಾರಿ ತೋರಿಸೆಂದು ಬೇಡಿಕೊಂಡ. ಮನೆಗೆ ಬಂದು, ಹುಟ್ಟಿದಂದಿನಿಂದ ಕಾಲಿಡದಿದ್ದ ಹಿತ್ತಿಲಿನ ಕಡೆಗೆ ಸುಮ್ಮನೆ ನಡೆದ. ಅಡಿಗೆಯ ಚಂದವ್ವ ಒಳಗಿನಿಂದ ಯಾರನ್ನೋ ಕೂಗಿ ಹೇಳುತ್ತಿದ್ದಳು:

“ಏ ಇವಳೇ, ಉಪ್ಪು ತುಂಬಿದೆ, ಕೂಗಳತೆಯ ಅಂಗಡಿಯಿಂದ ತಂದುಬಿಡೇ. ಬರಿಗೈಲಿ ಬಂದೀಯ ಮತ್ತೆ.”

ಕೇತಮಯ್ಯ ಗೋಡೆಗೆ ಕೈಯೂರಿ ನಿಂತ. ಈ ಮಾತನ್ನು ಅವನ ಮನೆಯ ಗೋಡೆಗಳು ಅವನಿಗಿಂತ ಚೆನ್ನಾಗಿ ಬಲ್ಲವು. ಜನರೆಲ್ಲರೂ ಕಲಿಯಬಲ್ಲರೆಂದು ನಂಬಿ ಅವರಿಗೆ ತನ್ನ ನುಡಿಯನ್ನು ಕಲಿಸಿದ. ಅವರ ನುಡಿಯಲ್ಲಿ ತಾನು ಕಲಿಯಬೇಕಾದ್ದು ಏನಾದರೂ ಇದ್ದೀತೆಂದು ಒಂದು ದಿನವೂ ಅವನಿಗೆ ತೋರಿರಲಿಲ್ಲ.

ಮರುದಿನ ಸಭೆ ಸೇರಿತು. ರಾಜದ್ರೋಹದ ವಿಚಾರಣೆಯಾದ್ದರಿಂದ ಪ್ರಮಾಣದ ದೀಪವನ್ನು ಹಾಡುಹಗಲಿನಲ್ಲೇ ಸಿಂಹಾಸನದ ಬಲಕ್ಕೆ ಹೊತ್ತಿಸಿದ್ದರು. ಅದರ ಪಕ್ಕದಲ್ಲಿ ದೀಪದ ಊಳಿಗದವನು, ಅವನ ಹಿಂದೆ ರಾಣಿವಾಸದ ರೇಶಿಮೆಯ ತೆರೆ. ಕಾಟಯ್ಯ ತನ್ನ ಮಾತನ್ನು ಹೇಳಿದ. ಅವನಿಗೆ ವಾಕ್ಪತಿಯ ಅಗತ್ಯವಿರಲಿಲ್ಲ. ಎಲ್ಲರ ಮಠದಲ್ಲಿ ಕಲಿತ ತಿಳಿಯಾದ ಗೀರ್ವಾಣದಲ್ಲೇ ಹೇಳಿದ. ಆದರೆ ತಾನು ಕಳುಹಿಸಿದ ಮಾತಿನ ಅರ್ಥವನ್ನು ಹೇಳಿ, ಅಲ್ಲಿಗೆ ನಿಲ್ಲಿಸಿದ. ಪ್ರಧಾನಿಯ ಹೆಸರನ್ನು ಎತ್ತಲಿಲ್ಲ.

ಶ್ರೀಕಂಠ ಭಟ್ಟ ಮುಗುಳ್ನಕ್ಕ. “ಪ್ರಭು, ಪೂರ್ಣ ಎಂದರೆ ಶೂನ್ಯ ಎಂದು ಹೇಳುವ ನಿಘಂಟು ಲೋಕದಲ್ಲಿಲ್ಲ. ಕಳ್ಳನು ಸಿಕ್ಕಿಬಿದ್ದಾಗ ಭಾಷೆಯನ್ನೇ ಹೊಸದಾಗಿ ಸೃಷ್ಟಿಸಿಕೊಳ್ಳುತ್ತಿದ್ದಾನೆ. ಇಷ್ಟಕ್ಕೂ ಆ ದಿನ ಪ್ರಧಾನರು ಆ ಹೆಂಗಸಿನ ಮಾತನ್ನು ಸ್ವತಃ ಕೇಳಿದವರು. ಅವರಿಗೆ ಏನು ಅರ್ಥವಾಯಿತೆಂದು ಅವರೇ ಅಪ್ಪಣೆ ಕೊಡಿಸಲಿ.”

ಕೇತಮಯ್ಯ ಎದ್ದ. ಕಾಟಯ್ಯ ಬೇಡವೆಂಬಂತೆ ತಲೆಯಲ್ಲಾಡಿಸಿದ್ದನ್ನು ನೋಡಿಯೂ ನೋಡದವನಂತೆ ನುಡಿದ:

“ನನಗೆ ತುಂಬಿದೆಯೆಂದೇ ಅರ್ಥವಾಯಿತು ಪ್ರಭು. ತಪ್ಪಾಗಿ ಅರ್ಥವಾಯಿತು. ಬರಿದಾಯಿತು ಎನ್ನಬೇಕಾದಲ್ಲಿ ತುಂಬಿದೆ ಎನ್ನುವುದು ನಮ್ಮ ಜನರ ಒಲೆಯ ಮುಂದಿನ ಮಾತು. ಅದು ನನ್ನ ಅಡಿಗೆಮನೆಯಲ್ಲೇ ನಡೆಯುತ್ತಿದೆ, ನಿನ್ನೆ ಕೇಳಿದೆ. ಆ ಬಳೆಗಾರ್ತಿಯನ್ನೂ ನಗರದ ನಾಲ್ಕು ಮನೆಯ ಹೆಂಗಸರನ್ನೂ ಕರೆಸಿ ಕೇಳಬೇಕು.”

“ಪದದ ಅರ್ಥವನ್ನು ನಿರ್ಣಯಿಸಲು ಪಾಮರರ ಸಾಕ್ಷಿ ಸಲ್ಲದೆಂಬುದು ಈ ಸಭೆಯ ಕಟ್ಟಳೆ,” ಎಂದ ವಾಕ್ಪತಿ. “ಪ್ರಧಾನರು ತಾವೇ ಎತ್ತರಕ್ಕೇರಿಸಿದವನನ್ನು ಉಳಿಸಿಕೊಳ್ಳಬಯಸುವುದು ಸಹಜ.”

ಸಭೆಯಲ್ಲಿ ಎಂಟು ಮನೆತನದವರು ಗುಸುಗುಟ್ಟಿದರು. “ಎಲ್ಲರ ಮಠವಂತೆ, ಎಲ್ಲರ ಸಂತೆ ಅದು,” ಎಂದ ಒಬ್ಬ ಮುದಿ ದಂಡನಾಯಕ, ಕೇಳಿಸಲೆಂದೇ.

ಗೋಪರಸ ದುಷ್ಟನಲ್ಲ, ದುರ್ಬಲನೂ ಅಲ್ಲ. ಆದರೆ ಸೋಸಿದ ಮಾತನ್ನೇ ಕೇಳಿ ಬೆಳೆದ ಅರಸು. “ಪ್ರಧಾನರೇ, ಕಟ್ಟಳೆ ನಮ್ಮ ಕೈಯನ್ನು ಕಟ್ಟಿದೆ. ಇವನ ಮಾತಿಗೆ ಬೇರೆ ಆಧಾರವೇನಿದೆ?” ಎಂದ.

ಕೇತಮಯ್ಯ ಮುದ್ರೆಯುಂಗುರವನ್ನು ಬೆರಳಿಂದ ಕಳಚಿ ಸಿಂಹಾಸನದ ಮೆಟ್ಟಿಲ ಮೇಲಿಟ್ಟ. “ನನ್ನ ತಲೆಯೇ ಆಧಾರ. ಹೊಣೆ ನಿಂತವನಿಗೂ ಅಪರಾಧಿಯ ಶಿಕ್ಷೆಯೇ ಎಂಬುದೂ ಈ ಸಭೆಯ ಕಟ್ಟಳೆ. ಕಾಟಯ್ಯ ಸುಳ್ಳನೆಂದಾದರೆ ಎರಡು ಶೂಲ ನೆಡಿಸಬೇಕು.”

“ಬೇಡ ಒಡೆಯಾ,” ಎಂದ ಕಾಟಯ್ಯ. ಈ ಸಲ ಗೀರ್ವಾಣದಲ್ಲಲ್ಲ.

ರಾಜ ಬಹಳ ಹೊತ್ತು ಆ ಉಂಗುರವನ್ನೇ ನೋಡಿದ. ಹಗಲಿನ ಗಾಳಿ ಮೂಡಣ ಕಿಟಕಿಯಿಂದ ನುಗ್ಗಿ ಬಂದದ್ದು ಆಗಲೇ. ಪ್ರಮಾಣದ ದೀಪದ ಕುಡಿ ಉದ್ದಕ್ಕೆ ನೆಗೆದು ರಾಣಿವಾಸದ ತೆರೆಯ ಕಡೆಗೆ ವಾಲಿತು. ರೇಶಿಮೆಯ ಅಂಚು ಕರ್ರಗೆ ಸುರುಟಿ ಹೊಗೆಯೆದ್ದಿತು. ಒಳಗೆ ಹೆಂಗಸರ ಚೀತ್ಕಾರ. ದೀಪಕ್ಕೆ ಹತ್ತಿರದಲ್ಲಿದ್ದ ಶ್ರೀಕಂಠ ಭಟ್ಟ ಬೆಚ್ಚಿ ಹಿಂದೆ ಸರಿಯುತ್ತ ಊಳಿಗದವನಿಗೆ ಕೂಗಿದ:

“ದೀಪ ದೊಡ್ಡದು ಮಾಡೋ, ಬೇಗ ದೊಡ್ಡದು ಮಾಡು!”

ಊಳಿಗದವನು ಥಟ್ಟನೆ ದೀಪದ ಬುಡದಲ್ಲಿದ್ದ ಹೂವಿನಿಂದ ಕುಡಿಯನ್ನೊತ್ತಿ ಅದನ್ನು ನಂದಿಸಿದ. ತೆರೆಯ ಅಂಚನ್ನು ಕೈಯಿಂದ ತಟ್ಟಿ ಆರಿಸಿ, ಏನೂ ಆಗದವನಂತೆ ತನ್ನ ಜಾಗದಲ್ಲಿ ನಿಂತ.

ರಾಜನಿಗೆ ತಕ್ಷಣ ತಿಳಿಯಲಿಲ್ಲ. ಆ ಊಳಿಗದವನನ್ನು ನೇರವಾಗಿ, ನಡುವೆ ವಾಕ್ಪತಿಯಿಲ್ಲದೆ, ಕೇಳಿದ: “ಏನಯ್ಯಾ, ದೊಡ್ಡದು ಮಾಡೆಂದರೆ ನಂದಿಸಿಬಿಟ್ಟೆಯಲ್ಲ?”

ಊಳಿಗದವನು ಕೈಮುಗಿದ. “ದೀಪ ಆರಿಸು ಅನ್ನಬಾರದು ಬುದ್ಧೀ, ಕೆಟ್ಟದ್ದು. ದೊಡ್ಡದು ಮಾಡು ಅಂತಾರೆ. ಎಲ್ಲಾರ ಮನೇಲೂ ಹಂಗೇ ಅನ್ನೋದು.”

ಆಮೇಲೆ ಸಭೆಯಲ್ಲಿ ಕವಿದ ಮೌನವನ್ನು ನಮ್ಮ ಚೆನ್ನವೀರಯ್ಯನವರು ಮಾತಿಲ್ಲದೆಯೇ ಹೇಳುತ್ತಿದ್ದರು. ಕತೆಯನ್ನು ಅಲ್ಲಿಗೆ ನಿಲ್ಲಿಸಿ ಮರಳಿನ ಮೇಲಿನ ಅಕ್ಷರಗಳನ್ನು ಅಂಗೈಯಿಂದ ಮೆಲ್ಲಗೆ ಅಳಿಸುತ್ತಿದ್ದರು.

“ವಾಕ್ಪತಿಗಳೇ,” ಎಂದ ಗೋಪರಸ, “ಆ ಮಾತು ಯಾವ ನಿಘಂಟಿನದು?”

ಶ್ರೀಕಂಠ ಭಟ್ಟ, ಅಂದಿನವರೆಗೆ ಯಾರೂ ಅವನಿಂದ ಕೇಳಿರದಿದ್ದ ಕನ್ನಡದಲ್ಲಿ, ತಲೆ ತಗ್ಗಿಸಿಕೊಂಡು ಹೇಳಿದ: “ನನ್ನ ಅವ್ವನದು.”

“ಹಾಗಾದರೆ ಆ ದಿನ ಬಳೆಗಾರ್ತಿ ಹೇಳಿದ್ದು ನಿಮಗೆ ಅರ್ಥವಾಗಿತ್ತು.”

“ಆಗಿತ್ತು.”

“ಮತ್ತೆ ಏಕೆ ತಿರುಗಿಸಿ ಅರುಹಿದಿರಿ?”

“ಇವನು ಸುಣ್ಣದ ಗೂಡಿನಿಂದ ಎದ್ದು ಬಂದು, ಅದನ್ನು ಮರೆಸದೆಯೇ, ತಲೆಯೆತ್ತಿ ದುರ್ಗವಾಳಿದ. ನಾನು ಎಲ್ಲಿಂದ ಬಂದೆನೆಂಬುದನ್ನು ಹೂತಿಡಲು ನನ್ನ ಆಯುಷ್ಯವೇ ಹೋಯಿತು ಪ್ರಭು. ಇವನು ಬಿದ್ದರೆ ಆ ಮಠವೂ ಬೀಳುತ್ತದೆ ಎಂದುಕೊಂಡೆ. ಕೋಟೆಯಲ್ಲಿ ಮಕ್ಕಳಿದ್ದಾರೆಂಬುದನ್ನು…”

ರಾಜ ಕೋಪದಿಂದ ಎದ್ದ. ಸಂಕೋಲೆಯನ್ನು ಕಾಟಯ್ಯನಿಂದ ಬಿಚ್ಚಿ ವಾಕ್ಪತಿಗೆ ಹಾಕಿರೆಂದು ಆಜ್ಞಾಪಿಸಿದ. ನೆಡಬೇಕಾದ ಶೂಲದ ಮಾತು ಅವನ ನಾಲಗೆಯ ತುದಿಗೆ ಬಂದಾಗ ಕೇತಮಯ್ಯ ಅಡ್ಡ ನಿಂತ.

“ಪ್ರಭು, ಇವರ ಅಪರಾಧಕ್ಕೆ ಕ್ಷಮೆಯಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಎಲ್ಲರ ಮಠ ಇಲ್ಲದ ಕಾಲದಲ್ಲೇ ಒಬ್ಬ ಹಳ್ಳಿಯ ತಾಯಿಯ ಮಗ ಈ ಎತ್ತರಕ್ಕೆ ಏರಿದ್ದ. ನಾನು ನಂಬಿದ ಮಾತಿಗೆ ಮೊದಲ ಸಾಕ್ಷಿ ಇವರೇ. ಅವ್ವನ ನುಡಿಗೆ ನಾಚಬೇಕೆಂದು ಇವರಿಗೆ ಕಲಿಸಿದವರು ಯಾರು? ಈ ಸಭೆ. ಈ ಸಭೆಯಲ್ಲಿ ಎಲ್ಲರಿಗಿಂತ ಮುಂದೆ ಕುಳಿತವನು ನಾನು.”

ರಾಜ ಕಾಟಯ್ಯನ ಕಡೆ ತಿರುಗಿದ. “ನೊಂದವನು ನೀನು. ನೀನೇ ಹೇಳು.”

ಕಾಟಯ್ಯ ಬಿಡುಗಡೆಯಾದ ಮಣಿಕಟ್ಟನ್ನು ಉಜ್ಜಿಕೊಂಡ. “ಕೊಂದರೆ ಇವರಿಗೆ ಸುಲಭವಾಗುತ್ತದೆ,” ಎಂದ. “ಎಡೆಗಲ್ಲಿನವರು ಈಗ ಹೊಳೆಯಾಚೆ ಹಟ್ಟಿ ಹಾಕಿಕೊಂಡಿದ್ದಾರೆ. ಅಲ್ಲಿಗೆ ಬರಲಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಂದೆ ನಿಂತು, ಅವರ ಮಾತಿನಲ್ಲೇ, ಏನು ಮಾಡಿದೆನೆಂದು ಹೇಳಲಿ. ಆಮೇಲೆ ಅವರು ಹೇಳಿದ ಹಾಗೆ ಆಗಲಿ.”

ಹಾಗೇ ಆಯಿತು. ಆ ತಾಯಂದಿರು ಏನು ಹೇಳಿದರೆಂದು ಕತೆಯಲ್ಲಿ ಬರುವುದಿಲ್ಲ. ಕೇಳಿದರೆ ಚೆನ್ನವೀರಯ್ಯನವರು, “ಅದನ್ನು ಕೇಳುವ ಅಧಿಕಾರ ನಮಗಿಲ್ಲ ತಮ್ಮಾ,” ಎನ್ನುತ್ತಿದ್ದರು.

ಗೋಪರಸ ಅಂದೇ ವಾಕ್ಪತಿಯ ಪೀಠವನ್ನು ಸಭೆಯಿಂದ ತೆಗೆಸಿದ. ಎಲ್ಲರ ಮಠಕ್ಕೆ ಚಪ್ಪರದ ಬದಲು ಕಲ್ಲಿನ ಕಟ್ಟಡವಾಯಿತು. ಮುದ್ರೆಯುಂಗುರವನ್ನು ತಾನೇ ಕೈಯಲ್ಲಿ ಹಿಡಿದು ಪ್ರಧಾನಿಗೆ ಮರಳಿಸಲು ಬಂದ. ಕೇತಮಯ್ಯ ಕೈ ನೀಡಲಿಲ್ಲ.

“ನಿಮ್ಮ ತಪ್ಪೇನಿತ್ತು ಪ್ರಧಾನರೇ? ಆ ಮಾತು ನಿಮಗೆ ತಿಳಿದಿರಲಿಲ್ಲ, ಅಷ್ಟೆ.”

“ಅಷ್ಟೇ ಪ್ರಭು. ಅಷ್ಟಕ್ಕೇ ಎಡೆಗಲ್ಲಿನಲ್ಲಿ ತೊಟ್ಟಿಲುಗಳು ಬರಿದಾದವು. ಅರ್ಧ ಕಿವಿಯವನ ಬೆರಳಿಗೆ ಈ ಉಂಗುರ ಸಲ್ಲದು. ಕಾಟಯ್ಯನ ಎರಡೂ ಕಿವಿ ನೆಟ್ಟಗಿವೆ.”

ಕಾಟಯ್ಯ ಉಂಗುರ ತೊಟ್ಟ ದಿನ ಕೇತಮಯ್ಯ ಬರಿಗಾಲಿನಲ್ಲಿ ಎಡೆಗಲ್ಲಿನ ದಾರಿ ಹಿಡಿದ. ರಾಜನ ದಂಡು ದುರ್ಗವನ್ನು ಮತ್ತೆ ಗೆದ್ದ ಮೇಲೂ ಎಡೆಗಲ್ಲಿನವರ ಜೊತೆಗೇ ನಿಂತು, ಕಣಜದ ಬಾಗಿಲಿನ ಜಗಲಿಯ ಮೇಲೆ ಕುಳಿತು, ನೀರಿಗೆ ಹೋಗುವ ಹೆಂಗಸರ ಮಾತು ಕೇಳುತ್ತ ಮುಪ್ಪಾದ. ಅವರು ಮೊದಮೊದಲು ಸೆರಗೆಳೆದುಕೊಂಡು ಸುಮ್ಮನಾಗುತ್ತಿದ್ದರು, ಬರುಬರುತ್ತ, “ಅಜ್ಜಾ, ಇದಕ್ಕೆ ನಿಮ್ಮ ಅರಮನೇಲಿ ಏನಂತಾರೆ?” ಎಂದು ಕೀಟಲೆ ಮಾಡತೊಡಗಿದರು. ಅವನ ಕೊನೆಗಾಲದಲ್ಲಿ ಗುರುಸಿದ್ಧವ್ವ ನೋಡಲು ಬಂದಾಗ ಕೇತಮಯ್ಯ, “ಬರುತ್ತೇನವ್ವಾ,” ಎಂದನಂತೆ. ಆಕೆಗೆ ಅರ್ಥವಾಯಿತು. ಬಾಯಿಗೆ ನೀರು ಬಿಟ್ಟಳು.

ಆಮೇಲೆ ಆ ರಾಜ್ಯದಲ್ಲಿ ಯಾರಿಗೇ ಅಧಿಕಾರ ಕೊಡುವಾಗಲೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಮನೆಯಲ್ಲಿ ಅಕ್ಕಿ ತೀರಿದರೆ ನಿಮ್ಮ ತಾಯಿ ಏನನ್ನುತ್ತಾರೆ? ಮಿಕ್ಕ ವಿದ್ಯೆಯನ್ನೆಲ್ಲ ಆಮೇಲೆ ನೋಡುತ್ತಿದ್ದರು.

ಇದನ್ನು ಓದಿದ ತಾಯಂದಿರೂ ಅಣ್ಣತಮ್ಮಂದಿರೂ, ಇಂದು ಮನೆಯ ದೀಪವನ್ನು ದೊಡ್ಡದು ಮಾಡುವ ಮುನ್ನ ಒಬ್ಬರಿಗಾದರೂ ಈ ಕತೆಯನ್ನು ಹೇಳಬೇಕೆಂದು ನನ್ನ ಬಿನ್ನಹ. ಹೇಳಿ ನಿಲ್ಲಿಸುವಾಗ ಮಾತ್ರ, ಕತೆ ಮುಗಿಯಿತು ಎನ್ನಬೇಡಿ. ಕತೆ ತುಂಬಿತು ಎನ್ನಿ.